ಕಲ್ಲುಬೆಂಚಿನ ಮೇಲೆ ಕೂತು ಕಂಡ ಕೆರೆ



ನನಗೆ ಹಕ್ಕಿಗಳ ಪರಿಚಯ ಮಾಡಿಸಿದ್ದು ನನ್ನ ಬಲಮಂಡಿ. ತಮಾಷೆಗೆ ಹೇಳುತ್ತಿಲ್ಲ. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ಒಂದು ಗಂಟೆ ನಡೆಯಿರಿ ಅಂತ ಡಾಕ್ಟರು ಹೇಳಿದ ಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಹನ್ನೊಂದು ವರ್ಷ ಸುತ್ತಿದೆ. ನಾವು ಐದಾರು ಜನ ಸಮವಯಸ್ಕರು. ತುಟ್ಟಿಭತ್ಯೆ ಎಷ್ಟು ಏರಿತು, ಯಾರ ಮಗನಿಗೆ ಎಲ್ಲಿ ಕೆಲಸ ಸಿಕ್ಕಿತು, ಈರುಳ್ಳಿಗೆ ಏನು ಬೆಲೆ, ಇದೇ ಮಾತು. ಹನ್ನೊಂದು ವರ್ಷದಲ್ಲಿ ನಾನು ಆ ಕೆರೆಯಲ್ಲಿ ಕಂಡ ಹಕ್ಕಿಗಳು ಮೂರು: ಕಾಗೆ, ಬೆಳ್ಳಕ್ಕಿ, ಮತ್ತೆ ‘ಯಾವುದೋ ಬಾತುಕೋಳಿ’. ಆ ಬಾತುಕೋಳಿಯೂ ಬಾತುಕೋಳಿ ಆಗಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಒಂದು ದಿನ ಮಂಡಿ ಹಿಡಿದುಕೊಂಡಿತು. ಹದಿನೈದು ದಿನ ನಡೆಯುವ ಹಾಗಿಲ್ಲ ಅಂದರು ಡಾಕ್ಟರು. ಬೆಳಗಿನ ಜಾವಕ್ಕೇ ಎಚ್ಚರವಾಗುವ ಅಭ್ಯಾಸ. ಎದ್ದು ಮನೆಯೊಳಗೆ ಸುಮ್ಮನೆ ಅತ್ತಿಂದಿತ್ತ ಕುಂಟುತ್ತಿದ್ದೆ. ಮೂರನೆಯ ದಿನ ಮನೆಯವರು, ‘ಇಲ್ಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ಆ ಕೆರೆ ಹತ್ರಾನೇ ಹೋಗಿ ಕೂತ್ಕೊಳ್ಳಿ, ಆಟೋ ಕರೀತೀನಿ’ ಅಂದರು. ಹೋದೆ. ದಂಡೆಯ ಮೇಲೆ, ಒಂದು ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ನನ್ನ ಗೆಳೆಯರ ಗುಂಪು ಮಾತಾಡುತ್ತಾ ಮುಂದೆ ಹೋಯಿತು. ಅವರ ಸದ್ದು ದೂರವಾದ ಮೇಲೆ, ಎದುರಿಗಿದ್ದ ಜೊಂಡಿನೊಳಗಿಂದ ಕೋಳಿಗಾತ್ರದ ಒಂದು ನೀಲಿ ಹಕ್ಕಿ ಹೊರಗೆ ಬಂತು. ಹಣೆಯ ಮೇಲೆ ಕೆಂಪು ಪಟ್ಟಿ, ಕೆಂಪು ಕೊಕ್ಕು, ಉದ್ದುದ್ದ ಕೆಂಪು ಬೆರಳುಗಳು. ಒಂದು ಜೊಂಡಿನ ದಂಟನ್ನು ಕಿತ್ತು, ಗಿಳಿ ಹಣ್ಣು ಹಿಡಿಯುವ ಹಾಗೆ ಕಾಲಲ್ಲಿ ಎತ್ತಿ ಹಿಡಿದು, ಒಳಗಿನ ತಿರುಳನ್ನು ಕಚ್ಚಿ ಕಚ್ಚಿ ತಿಂದಿತು. ಹನ್ನೊಂದು ವರ್ಷ ನಾನು ಅದರ ಪಕ್ಕದಲ್ಲೇ ಓಡಾಡಿದ್ದೆ.

ಈ ಕೆರೆಯ ಬಗ್ಗೆ ಮಾತಾಡುವುದಕ್ಕೆ ಬಾನುಲಿಗಿಂತ ಒಳ್ಳೆಯ ಜಾಗ ಇಲ್ಲ. ಮೈಸೂರಿನ ಆಕಾಶವಾಣಿ ನಿಲಯ ಇರುವ ಯಾದವಗಿರಿಗೂ ಈ ಕೆರೆಗೂ ಬಹಳ ದೂರವಿಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ್ದು ಆ ಯಾದವಗಿರಿಯಲ್ಲಿ. ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೂ ಈ ಊರಿನಲ್ಲೇ. ಬಾನುಲಿ ಒಪ್ಪುವುದಕ್ಕೆ ಇನ್ನೊಂದು ಕಾರಣವೂ ಇದೆ: ಹಕ್ಕಿ ನೋಡುವ ಹವ್ಯಾಸ ಅಂತ ನಾವು ಕರೆಯುತ್ತೇವೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ಕೇಳುವುದೇ. ಎಲೆಯ ಮರೆಯಲ್ಲಿ ಕೂತ ಕಂಚುಕುಟಿಗನನ್ನು ಕಂಡವರು ಎಷ್ಟು ಜನ? ಟುಕ್, ಟುಕ್, ಟುಕ್ ಅಂತ ಒಂದೇ ಸಮನೆ ಪಾತ್ರೆ ಬಡಿಯುವ ಸದ್ದನ್ನು ಮಾತ್ರ ಬೇಸಿಗೆಯಲ್ಲಿ ಎಲ್ಲರೂ ಕೇಳಿರುತ್ತೀರಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಟುವ್ವಿ ಹಕ್ಕಿಯ ಗಂಟಲು ಅದರ ಮೈಗಿಂತ ದೊಡ್ಡದು. ಹರಟೆಮಲ್ಲಗಳು ಏಳೆಂಟು ಸೇರಿ ಪೊದೆಯ ಕೆಳಗೆ ಗದ್ದಲ ಎಬ್ಬಿಸಿದರೆ, ಹಾವೋ ಮುಂಗುಸಿಯೋ ಅಲ್ಲಿ ಇರಬಹುದು ಅಂತ ಎಚ್ಚರಿಕೆ. ಟಿಟ್ಟಿಭ ಕೂಗಿದರೆ ಅದರ ಮೊಟ್ಟೆಯ ಹತ್ತಿರ ಯಾರೋ ಕಾಲಿಟ್ಟರು ಅಂತ. ಪಂಚತಂತ್ರದಲ್ಲಿ ಸಮುದ್ರದ ಜೊತೆ ಜಗಳಕ್ಕೆ ನಿಂತ ಟಿಟ್ಟಿಭ ಇದೇ. ಮೊಟ್ಟೆಗಾಗಿ ಅದು ಸಮುದ್ರವನ್ನೇ ಎದುರುಹಾಕಿಕೊಳ್ಳುತ್ತದೆ ಅನ್ನುವ ಕತೆಯನ್ನು ಕಟ್ಟಿದವನು, ಆ ಹಕ್ಕಿ ನಾಯಿಯ ತಲೆಯ ಮೇಲೆ ಎರಗುವುದನ್ನು ಕಣ್ಣಾರೆ ಕಂಡಿದ್ದವನೇ ಇರಬೇಕು.

ಕುಕ್ಕರಹಳ್ಳಿ ಕೆರೆ ಕಾಡಿನ ಸರೋವರವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲಿಕ್ಕೆ. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆಯೊಂದು ಮಳೆನೀರನ್ನು ಇದಕ್ಕೆ ತರುತ್ತಿತ್ತು. ಊರು ಬೆಳೆಯಿತು, ಗದ್ದೆಗಳು ಸೈಟುಗಳಾದವು, ನಾಲೆ ಅಲ್ಲಲ್ಲಿ ಕಡಿದುಹೋಯಿತು. ಈಗ ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ, ಪಕ್ಕದಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಆ ಹೆಸರಿಟ್ಟ ಕುವೆಂಪು ಅವರು ಇದೇ ದಂಡೆಯಲ್ಲಿ ವಾಯುವಿಹಾರ ಮಾಡುತ್ತಿದ್ದರು; ಅವರ ಬರಹದಲ್ಲಿ ಇದು ‘ಕುಕ್ಕನಹಳ್ಳಿ ಕೆರೆ’. ಅವರೂ ಸುತ್ತಿದವರೇ ಅಂತ ನನ್ನ ಗೆಳೆಯರೊಬ್ಬರು ನನ್ನನ್ನು ಆಗಾಗ ಕಿಚಾಯಿಸುತ್ತಾರೆ. ಕುವೆಂಪು ನಡೆಯುತ್ತಲೇ ಕಂಡರು, ನನಗೆ ಕಾಣಲಿಕ್ಕೆ ಮಂಡಿ ಕೈಕೊಡಬೇಕಾಯಿತು. ಅಷ್ಟೇ ವ್ಯತ್ಯಾಸ.

ಕೆರೆ ಅಂದರೆ ನೀರು ಅಂತ ತಿಳಿದಿದ್ದೆ. ಕೂತು ನೋಡಿದ ಮೇಲೆ, ಕೆರೆ ಅಂದರೆ ಏಳೆಂಟು ಬೇರೆಬೇರೆ ಮೊಹಲ್ಲಾಗಳಿರುವ ಒಂದು ಊರು ಅನ್ನಿಸಿತು. ಏರಿ ಒಂದು ಮೊಹಲ್ಲಾ, ತೂಬಿನ ಹತ್ತಿರ ಒಂದು, ಕೋಡಿಯ ಕಡೆ ಇನ್ನೊಂದು. ನೀರು ತೆಳುವಾಗಿ ಹರಡಿ ಕೆಸರು ಕಾಣುವ ಅಂಗಳ ಬೇರೆ, ಜೊಂಡು ಬೆಳೆದ ಮೂಲೆ ಬೇರೆ, ಮಧ್ಯದ ನಡುಗಡ್ಡೆ ಬೇರೆ. ಒಂದು ಮೊಹಲ್ಲಾದವರು ಇನ್ನೊಂದಕ್ಕೆ ಸುಮ್ಮನೆ ಹೋಗುವುದಿಲ್ಲ. ಮಿಂಚುಳ್ಳಿಗೆ ನೀರಿನ ಮೇಲೆ ಬಾಗಿದ ಒಂದು ಕೊಂಬೆ ಬೇಕು. ಮೀನು ಹಿಡಿದ ಮೇಲೆ ಅದೇ ಕೊಂಬೆಗೆ ಮೀನನ್ನು ಎರಡು ಮೂರು ಸಲ ಬಡಿದು, ತಲೆ ಮೊದಲಾಗಿ ನುಂಗುತ್ತದೆ. ಕಪ್ಪು ಬಿಳಿ ಮಿಂಚುಳ್ಳಿಗೆ ಕೊಂಬೆಯೂ ಬೇಡ. ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಂತು, ಕೆಳಗೆ ನೋಡಿ, ಕಲ್ಲು ಬಿದ್ದ ಹಾಗೆ ಬೀಳುತ್ತದೆ. ನೀರಿನೊಳಗಿನ ಮೀನು ಇರುವ ಜಾಗ ಬೇರೆ, ಕಾಣುವ ಜಾಗ ಬೇರೆ ಅನ್ನುವ ಪಾಠವನ್ನು ನಾವು ಬಟ್ಟಲಲ್ಲಿ ಪೆನ್ಸಿಲ್ ಇಟ್ಟು ಕಲಿತದ್ದು ನೆನಪಿರಬಹುದು. ಮಿಂಚುಳ್ಳಿಗೆ ಆ ಪಾಠ ಹೇಳಿಕೊಟ್ಟವರು ಯಾರೋ.

ಇನ್ನು ನನ್ನ ಆ ‘ಬಾತುಕೋಳಿ’. ಮುಷ್ಟಿಯಷ್ಟಿರುವ, ಬಾಲವೇ ಇಲ್ಲದ ಕಂದು ಹಕ್ಕಿ. ನೋಡುತ್ತಿರುವಾಗಲೇ ಗುಳುಕ್ ಅಂತ ಮುಳುಗುತ್ತದೆ. ಇಲ್ಲೇ ಏಳುತ್ತದೆ ಅಂತ ಕಾದರೆ ಹತ್ತು ಮಾರು ಆಚೆ ಎದ್ದು ಏನೂ ಆಗದ ಹಾಗೆ ಕೂತಿರುತ್ತದೆ. ಕನ್ನಡದಲ್ಲಿ ಇದರ ಹೆಸರು ಗುಳುಮುಳುಕ. ಇದಕ್ಕಿಂತ ಚೆನ್ನಾದ ಹೆಸರು ಯಾರಿಂದಲೂ ಕೊಡಲಾಗದು. ಬಾತುಕೋಳಿಯ ಕುಲವೇ ಅಲ್ಲ ಅದು. ಕಾಲುಗಳು ಮೈಯ ತೀರಾ ಹಿಂದಕ್ಕೆ ಇರುವುದರಿಂದ ನೀರಿನಲ್ಲಿ ಹುಟ್ಟುಗೋಲಿನ ಹಾಗೆ ಕೆಲಸ ಮಾಡುತ್ತವೆ, ನೆಲದ ಮೇಲೆ ಮಾತ್ರ ಅದು ನನ್ನ ಹಾಗೆ, ನಾಲ್ಕು ಹೆಜ್ಜೆ ಇಡಲಿಕ್ಕೂ ಒದ್ದಾಡುತ್ತದೆ. ಗೂಡು ಕೂಡ ನೀರಿನ ಮೇಲೇ. ಕೊಳೆತ ಜೊಂಡು, ಪಾಚಿ ಸೇರಿಸಿ ಮಾಡಿದ ಒಂದು ತೇಲುವ ಗುಪ್ಪೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಒದ್ದೆ ಎಲೆಗಳನ್ನು ಎಳೆದು ಮುಚ್ಚಿ ಹೋಗುತ್ತದೆ. ಹದ್ದಿನ ಕಣ್ಣಿಗೆ ಅದು ಬರೀ ಕಸ. ಮರಿಗಳಾದ ಮೇಲೆ ಅವು ಅವ್ವನ ಬೆನ್ನೇರಿ, ರೆಕ್ಕೆಯ ಮರೆಯಲ್ಲಿ ತಲೆ ಮಾತ್ರ ಹೊರಗಿಟ್ಟು ಸವಾರಿ ಮಾಡುತ್ತವೆ. ಮೈಮೇಲೆ ಪಟ್ಟೆಪಟ್ಟೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ಮನೆಗೆ ಹೋಗುವುದನ್ನೇ ಮರೆತೆ. ಆಟೋದವನು ಬಂದು ಹಾರನ್ ಹೊಡೆದ.

ಇಷ್ಟು ಹೊತ್ತಿಗೆ ಒಂದು ದುರ್ಬೀನು ಕೊಂಡಿದ್ದೆ. ಅದರ ಮೇಲೆ 8×42 ಅಂತ ಬರೆದಿರುತ್ತದೆ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್, ಅಷ್ಟೇ ಅರ್ಥ. ಇಪ್ಪತ್ತು ಪಟ್ಟಿನದು ತಗೊಳ್ಳಿ ಸಾರ್ ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ. ಅದರಲ್ಲಿ ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟು ಕಾಣುತ್ತದೆ.

ನಡುಗಡ್ಡೆಯ ಮರಗಳ ಮೇಲೆ ಮೊದಲು ಕಣ್ಣಿಗೆ ಬೀಳುವವು ನೀರುಕಾಗೆ ಮತ್ತು ಹಾವಕ್ಕಿ. ಎರಡೂ ರೆಕ್ಕೆ ಅಗಲಿಸಿ, ಒಗೆದ ಪಂಚೆ ಹರವಿದ ಹಾಗೆ ಬಿಸಿಲಿಗೆ ನಿಂತಿರುತ್ತವೆ. ಬಾತುಗಳ ಪುಕ್ಕಕ್ಕೆ ನೀರು ಅಂಟುವುದಿಲ್ಲ. ಈ ಎರಡರ ಪುಕ್ಕ ನೆನೆಯುತ್ತದೆ. ಇದು ಕೊರತೆ ಅನ್ನಿಸಬಹುದು. ಆದರೆ ನೀರಿನೊಳಗೆ ಈಜಿ ಮೀನು ಹಿಡಿಯಬೇಕಾದವನಿಗೆ ತೇಲುವುದೇ ತೊಂದರೆ, ಮುಳುಗುವುದು ಬೇಕು. ನೆನೆದ ಪುಕ್ಕ ಭಾರ ಕೊಡುತ್ತದೆ. ಕೆಲಸ ಮುಗಿದ ಮೇಲೆ ಒಣಗಿಸಿಕೊಳ್ಳಲು ಬಿಸಿಲು, ಕೂರಲು ಎಲೆ ಉದುರಿದ ಕೊಂಬೆ ಬೇಕು. ಹಾವಕ್ಕಿ ಈಜುವಾಗ ಮೈಯೆಲ್ಲ ನೀರಿನೊಳಗೆ, ಕತ್ತು ಮಾತ್ರ ಮೇಲೆ. ಹಾವು ಹೋಗುತ್ತಿದೆ ಅಂತ ನಮ್ಮ ಗುಂಪಿನವರೊಬ್ಬರು ದಿಗಿಲುಬಿದ್ದದ್ದುಂಟು. ಅದು ಮೀನನ್ನು ಕಚ್ಚುವುದಿಲ್ಲ, ಕೊಕ್ಕಿನಿಂದ ಭರ್ಜಿಯ ಹಾಗೆ ಚುಚ್ಚಿ, ಮೇಲಕ್ಕೆ ಬಂದು ಗಾಳಿಗೆ ಎಸೆದು ಬಾಯಲ್ಲಿ ಹಿಡಿಯುತ್ತದೆ.

ಆಮೇಲೆ ಹೆಜ್ಜಾರ್ಲೆ. ಬೆಳಿಗ್ಗೆ ನೋಡಿದರೆ ಮದುವೆಮನೆಯಲ್ಲಿ ಊಟಕ್ಕೆ ಕಾಯುತ್ತಿರುವ ಹಿರಿಯರ ಹಾಗೆ ಮರದ ತುದಿಯಲ್ಲಿ ಗಲ್ಲ ಎದೆಗಿಟ್ಟುಕೊಂಡು ಕೂತಿರುತ್ತದೆ. ಅದರ ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನು ತುಂಬಿಕೊಂಡು ಮನೆಗೆ ಒಯ್ಯುತ್ತದೆ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೆವು. ಅದು ಬುಟ್ಟಿಯಲ್ಲ, ಬಲೆ. ನೀರಿನ ಸಮೇತ ಮೀನನ್ನು ಮೊಗೆದು, ಕೊಕ್ಕನ್ನು ಎದೆಗೆ ಒತ್ತಿ ನೀರು ಹಿಂಡಿ, ಮೀನನ್ನು ಅಲ್ಲೇ ನುಂಗಿಬಿಡುತ್ತದೆ. ಬೆಳಗಿನ ಒಂಬತ್ತು ದಾಟಿ ನೆಲ ಕಾದ ಮೇಲೆ ಏಳುತ್ತದೆ. ಆಗ ನೋಡಬೇಕು. ಏಳುವಾಗ ಒದ್ದಾಟ, ನೀರಿಗೆ ಕಾಲು ಬಡಿದುಕೊಂಡು ಓಟ. ಒಮ್ಮೆ ಬಿಸಿಗಾಳಿ ಸಿಕ್ಕಿತೋ, ರೆಕ್ಕೆ ಆಡಿಸದೆ ಸುತ್ತುಸುತ್ತಾಗಿ ಏರಿ ಏರಿ, ಚಾಮುಂಡಿಬೆಟ್ಟಕ್ಕಿಂತ ಮೇಲೆ ಹೋಗಿ ಬಿಳಿ ಚುಕ್ಕೆಯಾಗುತ್ತದೆ. ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಯಗಲ ಅದರದು. ಕೆಳಗೆ ಹುಣಸೂರು ರಸ್ತೆಯಲ್ಲಿ ಬಸ್ಸುಗಳು ಹಾರನ್ ಬಾರಿಸುತ್ತಾ ನಿಂತಿರುತ್ತವೆ, ಒಬ್ಬರೂ ತಲೆ ಎತ್ತುವುದಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಕೇಳಿದ್ದೀರಿ. ಅಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಆ ಮಾತು ಚೆನ್ನಾಗಿದೆ. ಆದರೆ ಬಾಣಂತಿಗೆ ಕೋಣೆ ಮಾತ್ರ ಸಾಲದು, ಊಟವೂ ಬೇಕು. ಊಟ ಸಿಗುವುದು ಊರಿನಲ್ಲಲ್ಲ, ಸುತ್ತಮುತ್ತಲ ಕೆರೆಗಳಲ್ಲಿ, ನದಿಯ ಮಡುಗಳಲ್ಲಿ. ಮರ ಉಳಿಸಿದವರಿಗೆ ಹೊಗಳಿಕೆ ಸಿಗುತ್ತದೆ; ಕೆರೆ ಉಳಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ರಂಗನತಿಟ್ಟು ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿನ ಹಕ್ಕಿಗಳಿಗೂ ಪಕ್ಷಿಧಾಮದ ಗಡಿ ಎಲ್ಲಿದೆ ಅಂತ ಗೊತ್ತಿಲ್ಲ. ಹೊಟ್ಟೆ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಹೋಗುತ್ತವೆ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ನನ್ನ ಕೈಯಲ್ಲಿದ್ದದ್ದು ಇಂಗ್ಲಿಷ್ ಪುಸ್ತಕ. ಆ ನೀಲಿ ಹಕ್ಕಿಯ ಉದ್ದದ ಇಂಗ್ಲಿಷ್ ಹೆಸರನ್ನು ಬಾಯಿಪಾಠ ಮಾಡಿ, ಒಂದು ದಿನ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಗೆ ದುರ್ಬೀನಿನಲ್ಲಿ ತೋರಿಸಿದೆ. ಆಕೆ ಅದನ್ನು ಕಣ್ಣಿಗೆ ಇಟ್ಟುಕೊಳ್ಳಲೇ ಇಲ್ಲ. ‘ಅದಾ ಸ್ವಾಮಿ, ಜಂಬುಕೋಳಿ ಅಲ್ವಾ, ಅದ್ನ ನೋಡಕ್ಕೆ ಇದೆಲ್ಲಾ ಯಾಕೆ?’ ಅಂದಳು. ಅದು ಎಲ್ಲಿ ಗೂಡು ಮಾಡುತ್ತದೆ, ಯಾವ ತಿಂಗಳು ಮರಿ, ಜೊಂಡು ಎಲ್ಲಿ ಕೊಯ್ದರೆ ಅದಕ್ಕೆ ತೊಂದರೆ, ಎಲ್ಲ ಹೇಳಿದಳು. ಹಣೆಯ ಮೇಲೆ ಬಿಳಿ ಮಚ್ಚೆ ಇರುವ ಕಪ್ಪು ಹಕ್ಕಿಗೆ ನಾಮದ ಕೋಳಿ. ಹಾವಿನಂಥ ಕತ್ತಿನದು ಹಾವಕ್ಕಿ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕರೆಗೆ ಬಾಯ್ಕಳಕ. ಆ ಸಂದು ಮರಿಗೆ ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಜಾರುವ ಬಸವನಹುಳವನ್ನು ಹಿಡಿದು ಅದರ ಮಾಂಸ ಹೊರಗೆಳೆಯುವುದಕ್ಕೆ ಅದೇ ಚಿಮಟ. ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಬರೆದ ಮೇಲೆ ಈ ಹೆಸರುಗಳಲ್ಲಿ ಎಷ್ಟೋ ಓದುವವರ ಬಾಯಿಗೂ ಬಂದವು. ಆದರೆ ಹುಟ್ಟಿದ್ದು ಪುಸ್ತಕದಲ್ಲಲ್ಲ. ಬಟ್ಟೆ ಒಗೆಯುತ್ತಾ, ಎಮ್ಮೆ ಮೈ ತೊಳೆಯುತ್ತಾ, ಗಾಳ ಹಾಕಿ ಕಾಯುತ್ತಾ ದಂಡೆಯಲ್ಲಿ ಕೂತವರ ಬಾಯಲ್ಲಿ ಹುಟ್ಟಿದ್ದು. ನಡೆದು ಮುಂದೆ ಹೋಗುವವನು ಹೆಸರಿಡುವುದಿಲ್ಲ. ಅವನಿಗೆ ಅದೆಲ್ಲ ‘ಯಾವುದೋ ಬಾತುಕೋಳಿ’.

ಒಮ್ಮೆ ಮುಂಗಾರಿನ ಶುರುವಿನಲ್ಲಿ, ಎದುರಿನ ಪೊದೆಯ ಮೇಲೆ ಕಪ್ಪು ಬಿಳುಪಿನ, ತಲೆಯ ಮೇಲೆ ಜುಟ್ಟಿರುವ ಹಕ್ಕಿಯೊಂದು ಕೂಗುತ್ತಾ ಕೂತಿತ್ತು. ಪುಸ್ತಕ ತೆಗೆದು ನೋಡಿದರೆ, ಚಾತಕ! ಚಾತಕಪಕ್ಷಿಯ ಹಾಗೆ ಕಾದೆ ಅಂತ ಜೀವಮಾನವೆಲ್ಲ ಹೇಳಿಕೊಂಡು ಬಂದ ನಾನು, ಅದು ಕವಿಗಳು ಕಟ್ಟಿದ ಹಕ್ಕಿ ಅಂತಲೇ ನಂಬಿದ್ದೆ. ಮಳೆಹನಿ ಬಿಟ್ಟು ಬೇರೆ ನೀರು ಕುಡಿಯುವುದಿಲ್ಲ ಅನ್ನುವುದು ಕತೆ. ಆದರೆ ಮಳೆಯ ಮೋಡದ ಜೊತೆ ಅದು ಬರುವುದು ನಿಜ. ಇನ್ನೊಂದು ನಿಜವನ್ನು ಕವಿಗಳು ಹೇಳಲಿಲ್ಲ: ಕೋಗಿಲೆ ಕಾಗೆಗೆ ಮಾಡುವ ಮೋಸವನ್ನೇ ಈ ಪೂಜ್ಯರು ಹರಟೆಮಲ್ಲಗಳಿಗೆ ಮಾಡುತ್ತಾರೆ. ಮೊಟ್ಟೆ ಅವರ ಗೂಡಿಗೆ, ಬಾಣಂತನ ಅವರ ತಲೆಗೆ.

ಕೆರೆಯ ಪಂಚಾಂಗವೇ ಬೇರೆ. ಗಣೇಶನ ಹಬ್ಬದ ಆಸುಪಾಸಿಗೆ ಬೂದು ಸಿಪಿಲೆ ಬರುತ್ತದೆ, ಹಳದಿ ಹೊಟ್ಟೆ, ಉದ್ದ ಬಾಲ. ಹಿಮಾಲಯದ ಕಡೆಯ ತೊರೆಗಳಿಂದ ಬಂದದ್ದು, ನೇರ ಕೋಡಿಯ ಕಲ್ಲಿನ ಮೇಲೆ ಇಳಿದು ಬಾಲ ಕುಣಿಸುತ್ತದೆ. ದಸರೆಯ ಗದ್ದಲ ಮುಗಿದ ಮೇಲೆ ಹಸಿರು ಉಲಿಯಕ್ಕಿಯ ಸದ್ದು ಎಲ್ಲ ಮರದಲ್ಲೂ. ಹತ್ತು ಗ್ರಾಂ ಕೂಡ ತೂಗದ ಜೀವ, ಅಷ್ಟು ದೂರದಿಂದ ಹಾರಿಬಂದು ನನ್ನ ಹೊಂಗೆಮರದ ಎಲೆ ಎಲೆ ಹುಡುಕಿ ಹುಳ ತಿನ್ನುತ್ತದೆ. ಚಳಿ ಹೆಚ್ಚಿದ ಹಾಗೆ ಬಾತುಗಳು. ನಂಜನಗೂಡಿನ ಕಡೆಯ ಹದಿನಾರು ಅನ್ನುವ ಊರಿನ ಕೆರೆಗೆ ಹೋದರೆ, ತಲೆಯ ಮೇಲೆ ಎರಡು ಕಪ್ಪು ಗೆರೆಯಿರುವ ಪಟ್ಟೆತಲೆ ಹೆಬ್ಬಾತುಗಳು ಗದ್ದೆಯಲ್ಲಿ ಮೇಯುತ್ತಿರುತ್ತವೆ. ಅವು ಹಿಮಾಲಯವನ್ನು ಹಾರಿ ದಾಟಿದವು. ಮಂಗೋಲಿಯದಲ್ಲಿ ಕೊರಳಿಗೆ ಅಕ್ಷರವಿರುವ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಸಿಕ್ಕಿವೆ. ಶಿವರಾತ್ರಿ ದಾಟಿದ ಮೇಲೆ ಒಂದೊಂದಾಗಿ ಹೊರಡುತ್ತವೆ. ಆ ಹೊತ್ತಿಗೆ ನಮ್ಮ ಮಡಿವಾಳ ಹಕ್ಕಿ ಹಾಡಲು ಶುರುಮಾಡಿರುತ್ತದೆ, ಕೊಳದ ಬಕ ತನ್ನ ಮಾಸಲು ಅಂಗಿ ಕಳಚಿ ಬೆನ್ನಿಗೆ ಕಂದುಗೆಂಪು ಶಾಲು ಹೊದ್ದಿರುತ್ತದೆ. ಮೊದಲ ಸಲ ಅದನ್ನು ನೋಡಿ ಹೊಸ ಹಕ್ಕಿ ಅಂತ ಎರಡು ದಿನ ಪುಸ್ತಕ ಹುಡುಕಿದೆ. ಮದುವೆಯ ಉಡುಗೆಯಲ್ಲಿ ಪಕ್ಕದ ಮನೆಯವನ ಗುರುತು ಸಿಗಲಿಲ್ಲ.

ಈಗ ಒಂದು ಬೇಸರದ ಮಾತು. ನಮ್ಮ ಬಡಾವಣೆಯ ಆಚೆ ಒಂದು ಸಣ್ಣ ಕೆರೆಯಿತ್ತು, ಈಗಲೂ ಇದೆ. ಹೆಸರು ಬೇಡ. ಮಂಡಿ ಸರಿಹೋದ ಮೇಲೆ ಅಲ್ಲಿಗೂ ಹೋಗುತ್ತಿದ್ದೆ. ಒಂದು ಬೇಸಿಗೆಯ ಬೆಳಿಗ್ಗೆ ಅಲ್ಲಿ ಕಂಡ ನೋಟವನ್ನು ಮರೆಯಲಾರೆ. ಬೆಳ್ಳಕ್ಕಿ, ಬಕ, ನೀರುಕಾಗೆ, ಹದ್ದು, ಹಗಲು ಕಾಣಿಸದ ಇರುಳು ಬಕ ಕೂಡ, ಇನ್ನೂರಕ್ಕೂ ಹೆಚ್ಚು ಹಕ್ಕಿಗಳು ದಂಡೆಯುದ್ದಕ್ಕೂ ಮೀನು ಬಾಚುತ್ತಿದ್ದವು. ಸಂತೋಷಕ್ಕೆ ಗೆಳೆಯರಿಗೆಲ್ಲ ಫೋನು ಮಾಡಿದೆ. ಬಂದವರಲ್ಲಿ ಒಬ್ಬರು ಮೀನುಗಾರಿಕೆ ಓದಿದವರು. ಅವರು ಹಕ್ಕಿ ನೋಡಲಿಲ್ಲ, ಬಗ್ಗಿ ನೀರು ನೋಡಿದರು. ಬಟಾಣಿ ಸಾರಿನ ಹಾಗೆ ಹಸಿರು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಅವರು ಬಿಡಿಸಿ ಹೇಳಿದರು: ಮನೆಗಳ ಕೊಳಚೆ ಕೆರೆಗೆ ಬಿದ್ದರೆ ಅದು ಪಾಚಿಗೆ ಗೊಬ್ಬರ. ಪಾಚಿ ಹಗಲು ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಪಾಚಿ ವಿಪರೀತವಾದರೆ ಬೆಳಗಿನ ಜಾವಕ್ಕೆ ಮೀನಿಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ನಾನು ಹಬ್ಬದೂಟ ಅಂದುಕೊಂಡದ್ದು ತಿಥಿಯೂಟವಾಗಿತ್ತು. ಮೂರನೆಯ ದಿನಕ್ಕೆ ಸತ್ತ ಮೀನಿನ ನಾತ, ವಾರಕ್ಕೆ ಒಂದು ಹಕ್ಕಿಯೂ ಇಲ್ಲ. ಅಂದಿನಿಂದ, ಹಕ್ಕಿ ಎಷ್ಟಿವೆ ಅಂತ ಎಣಿಸುವ ಮೊದಲು ಅವು ಯಾಕೆ ಬಂದಿವೆ ಅಂತ ಕೇಳಿಕೊಳ್ಳುತ್ತೇನೆ.

ಆಮೇಲೆ ಆ ಕೆರೆಯನ್ನು ಸುಂದರಗೊಳಿಸಿದರು. ದಂಡೆಗೆ ಸುತ್ತಲೂ ಕಲ್ಲು ಜೋಡಿಸಿ ಗೋಡೆಯ ಹಾಗೆ ನೇರ ಮಾಡಿದರು, ಜೊಂಡು ತೆಗೆಸಿದರು, ನೀರಿನ ನಡುವೆ ಒಣಗಿ ನಿಂತಿದ್ದ ಎರಡು ಮರಗಳನ್ನು ಅಶುಭ ಅಂತಲೋ ಏನೋ ಕಡಿಸಿದರು, ಬಣ್ಣದ ದೀಪ ಹಾಕಿಸಿದರು. ನೋಡಲಿಕ್ಕೆ ನಿಜವಾಗಿಯೂ ಲಕ್ಷಣವಾಗಿದೆ, ಸಂಜೆ ಬಹಳ ಜನ ಬರುತ್ತಾರೆ. ಕೊಳಚೆ ಮಾತ್ರ ಮೊದಲಿನ ಹಾಗೇ ಬರುತ್ತಿದೆ. ನೀರು ಉಳಿಯಿತು, ಮೊಹಲ್ಲಾಗಳು ಹೋದವು. ಕೆಸರಿಲ್ಲದೆ ಸಿಪಿಲೆಗೆ ಕಾಲಿಡಲು ಜಾಗವಿಲ್ಲ, ಜೊಂಡಿಲ್ಲದೆ ಜಂಬುಕೋಳಿಗೆ ಮನೆಯಿಲ್ಲ, ಒಣಮರವಿಲ್ಲದೆ ಹಾವಕ್ಕಿಗೆ ಪಂಚೆ ಒಣಹಾಕಲು ಹಗ್ಗವಿಲ್ಲ. ಹುಲ್ಲು ಕೊಯ್ಯುವ ಅಜ್ಜಿಗೂ ಅಲ್ಲಿ ಕೆಲಸವಿಲ್ಲ. ಅಂತರಗಂಗೆ ತುಂಬಿ ಕೆರೆ ಮುಚ್ಚಿಹೋದರೆ ತೆಗೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೆರೆಯ ಹಕ್ಕಿಗಳಲ್ಲಿ ಹೆಚ್ಚಿನವು ಬದುಕುವುದು ನೀರಿನಲ್ಲೂ ಅಲ್ಲ, ನೆಲದಲ್ಲೂ ಅಲ್ಲ, ಎರಡರ ನಡುವಿನ ಆ ಒಂದೆರಡು ಮಾರು ಅಗಲದ ಗಲೀಜು ಅಂಚಿನಲ್ಲಿ. ನಮ್ಮ ಕಣ್ಣಿಗೆ ಮೊದಲು ಕಸ ಅನ್ನಿಸುವುದೂ ಅದೇ. ನಡುಮನೆ ಗುಡಿಸುವ ಹಾಗೆ ಕೆರೆಯನ್ನು ಗುಡಿಸುತ್ತೇವೆ.

ಹೊಸದಾಗಿ ಶುರುಮಾಡುವವರಿಗೆ ನನ್ನಿಂದ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಹತ್ತು ಕೆರೆಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕೆರೆಗೆ ನೂರು ಸಲ ಹೋಗಿ. ಗಾಢ ಬಣ್ಣದ ಅಂಗಿ ಬೇಡ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ. ನೀವು ಹೋದ ದಾರಿ ಹಿಡಿದೇ ಕಾಗೆ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರಿದ್ದಾರೆ. ನಿಮ್ಮ ಮನೆ ಬಾಗಿಲಲ್ಲಿ ನಿಂತು ಯಾರಾದರೂ ದಿನಕ್ಕೆ ಇಪ್ಪತ್ತು ಸಲ ನಿಮ್ಮ ಜಾಗ ನನ್ನದು ಅಂತ ಕೂಗಿದರೆ ಹೇಗಿರುತ್ತದೆ, ಹಾಗಾಗುತ್ತದೆ ಅದಕ್ಕೆ. ಕಂಡದ್ದನ್ನು ಬರೆದಿಡಿ, ತಾರೀಕು ಸಮೇತ. ನಮ್ಮ ಮೈಸೂರಿನ ಹಕ್ಕಿಪ್ರಿಯರು ಊರನ್ನು ಚೌಕಚೌಕವಾಗಿ ಹಂಚಿಕೊಂಡು ಯಾವ ಹಕ್ಕಿ ಎಲ್ಲಿದೆ ಅಂತ ನಕ್ಷೆ ಮಾಡಿದ್ದು ಇಂಥ ಸಣ್ಣಸಣ್ಣ ಪಟ್ಟಿಗಳಿಂದಲೇ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ನಾನಾ ಕಡೆ ಜನ ತಮ್ಮ ಹಿತ್ತಲಿನ, ಕೆರೆಯ ಹಕ್ಕಿಗಳನ್ನು ಎಣಿಸುತ್ತಾರೆ. ಕಾಲು ಗಂಟೆ ಎಣಿಸಿದರೂ ಆಯಿತು. ಕಳೆದ ಸಲ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೂರನೆಯ ಕ್ಲಾಸು. ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತು, ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಾಗೆ ಒಂಬತ್ತು, ನಾಮದ ಕೋಳಿ ಇಪ್ಪತ್ತೆರಡು, ಹೆಜ್ಜಾರ್ಲೆ ಆರು. ಹೆಜ್ಜಾರ್ಲೆಯ ಕಾಗು‌ಣಿತವನ್ನು ನನ್ನ ಹತ್ತಿರ ಎರಡು ಸಲ ಕೇಳಿದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಬಗ್ಗಿ ನೋಡಿದರೆ ಕೊನೆಯ ಸಾಲಿನಲ್ಲಿ ಹೀಗಿತ್ತು: ‘ಹೆಸರು ಗೊತ್ತಿಲ್ಲ. ಬಾಲ ಕುಣಿಸೋ ಹಕ್ಕಿ. ಒಂದು.’

ಕೆಸರಿನ ಅಂಚಿನಲ್ಲಿ ಸಿಪಿಲೆ ಓಡಾಡುತ್ತಿತ್ತು. ಹಳ್ಳಿಗಳ ಕಡೆ ಅದಕ್ಕೆ ಇನ್ನೊಂದು ಹೆಸರಿದೆ ಪುಟ್ಟೀ, ಅದರ ಅರ್ಥವೂ ಹೆಚ್ಚುಕಡಿಮೆ ನೀನು ಬರೆದದ್ದೇ, ಅಂದೆ. ಏನು ತಾತ ಆ ಹೆಸರು ಅಂತ ಕೇಳಿದಳು. ಅದು ಮಕ್ಕಳ ಮುಂದೆ ಹೇಳುವಂಥದ್ದಲ್ಲ, ಬಾನುಲಿಯಲ್ಲಿ ಹೇಳುವಂಥದ್ದೂ ಅಲ್ಲ. ದೊಡ್ಡವಳಾದ ಮೇಲೆ ಹೇಳುತ್ತೇನೆ ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿ, ರಬ್ಬರಿನಿಂದ ‘ಹೆಸರು ಗೊತ್ತಿಲ್ಲ’ ಅನ್ನುವುದನ್ನಷ್ಟೇ ಅಳಿಸಿದಳು.